ಯೂರೇಲ್ ಪಾಸ್: ತುಮಕೂರಿನಿಂದ ಹೊರಟ ನಾಲ್ವರು ಗೆಳತಿಯರು ಬಳಸಿ ನೋಡಿದ್ದು

ಕಾಲೇಜು ಮುಗಿದ ಮೇಲೆ ಸ್ನೇಹಿತರ ಜೊತೆ ಯೂರೋಪನ್ನು ರೈಲಿನಲ್ಲಿ ಸುತ್ತಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯೂರೇಲ್ ಗ್ಲೋಬಲ್ ಪಾಸ್, ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಸಿಗುವ ಒಂದೇ ಪಾಸ್, ಒಳ್ಳೆಯದು. ನಾನು ಮನಸ್ಸು ತುಂಬಿ ಶಿಫಾರಸು ಮಾಡುತ್ತೇನೆ. ಆದರೆ ಅದು ಎಲ್ಲ ದೇಶದಲ್ಲೂ ಒಂದೇ ಥರ ಕೆಲಸಕ್ಕೆ ಬರುವುದಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಹೋಗುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಪ್ಯಾರಿಸ್, ಬಾರ್ಸಿಲೋನಾ, ರೋಮ್ ಇಷ್ಟೇ ಸಾಕು ಅನ್ನುವವರು ಮೊದಲು ಕೂತು ಲೆಕ್ಕ ಹಾಕಬೇಕು.

ನಾವು ನಾಲ್ವರು ತುಮಕೂರಿನಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ನಾನು ಊರಿನವಳೇ. ಉಳಿದ ಮೂವರು ತಿಪಟೂರು, ಮಧುಗಿರಿ, ಪಾವಗಡದವರು. ಕೊನೆಯ ಸೆಮಿಸ್ಟರ್‌ನಲ್ಲೇ ಗೊತ್ತಿತ್ತು, ಇದಾದ ಮೇಲೆ ನಾಲ್ಕು ದಿಕ್ಕಿಗೆ ಹೋಗುತ್ತೇವೆ ಅಂತ. ಒಬ್ಬಳಿಗೆ ಬೆಂಗಳೂರಿನಲ್ಲಿ ಕೆಲಸ, ಒಬ್ಬಳಿಗೆ ಹೈದರಾಬಾದ್, ತಿಪಟೂರಿನವಳು ಅಪ್ಪನ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುವವಳು, ನಾನು ಮುಂದೆ ಓದುವವಳು. ಕೆಲಸಕ್ಕೆ ಸೇರುವ ತಾರೀಕಿಗೂ ಪರೀಕ್ಷೆ ಮುಗಿಯುವ ತಾರೀಕಿಗೂ ನಡುವೆ ಸಿಗುವ ಬಿಡುವು ಇದೆಯಲ್ಲ, ಅದು ಮತ್ತೆ ಸಿಗುವುದಿಲ್ಲ. ಇಂಟರ್ನ್‌ಶಿಪ್ ದುಡ್ಡು, ಟ್ಯೂಷನ್ ಹೇಳಿದ ದುಡ್ಡು ಕೂಡಿಟ್ಟಿದ್ದೆವು. ಸಾಲದ್ದಕ್ಕೆ ಮನೆಯವರು ಕೈ ಜೋಡಿಸಿದರು.

ಪ್ಲಾನ್ ಮಾಡಿದ್ದೆಲ್ಲ ಅಮಾನಿಕೆರೆ ಪಾರ್ಕಿನಲ್ಲಿ ಸಂಜೆ ಹೊತ್ತು. ಒಬ್ಬೊಬ್ಬರದ್ದು ಒಂದೊಂದು ಆಸೆ. ಪಾವಗಡದವಳಿಗೆ ಹಿಮ ನೋಡಬೇಕು. ಬಿಸಿಲೂರಿನಲ್ಲಿ ಬೆಳೆದವಳು, ಅವಳದ್ದು ಅದೊಂದೇ ಹಟ. ತಿಪಟೂರಿನವಳು ಚಿಕ್ಕಂದಿನಿಂದ ವಯಲಿನ್ ಕಲಿತವಳು, ಅವಳಿಗೆ ವಿಯೆನ್ನಾ ಬೇಕು. ಮಧುಗಿರಿಯವಳು ಏಕಶಿಲಾ ಬೆಟ್ಟದ ಕೋಟೆಯ ಕೆಳಗೆ ಆಡಿ ಬೆಳೆದವಳು. ಕಲ್ಲಿನ ಕಟ್ಟಡ, ಕೋಟೆ, ಹತ್ತುವ ಮೆಟ್ಟಿಲು ಎಲ್ಲಿದ್ದರೂ ಸರಿ. ನನಗೆ ರೈಲು. ಎಲ್ಲಿಗೆ ಹೋದರೂ ಸರಿ, ಕಿಟಕಿ ಪಕ್ಕ ಕೂರಬೇಕು.

ಈ ನಾಲ್ಕು ಆಸೆಯನ್ನು ಒಂದೇ ದಾರಿಯಲ್ಲಿ ಪೋಣಿಸಿದಾಗ ಬಂದದ್ದು ಇದು: ಆಮ್‌ಸ್ಟರ್‌ಡ್ಯಾಮ್‌ಗೆ ವಿಮಾನದಲ್ಲಿ ಇಳಿಯುವುದು, ಅಲ್ಲಿಂದ ಜರ್ಮನಿಯ ಕಲೋನ್, ರೈನ್ ನದಿಯ ದಂಡೆ ಹಿಡಿದು ಮ್ಯೂನಿಕ್, ಆಮೇಲೆ ಸಾಲ್ಜ್‌ಬರ್ಗ್, ವಿಯೆನ್ನಾ, ಇನ್ಸ್‌ಬ್ರುಕ್, ಸ್ವಿಟ್ಜರ್ಲೆಂಡಿನ ಕೂರ್, ಆಲ್ಪ್ಸ್ ದಾಟಿ ಇಟಲಿಯ ಮಿಲಾನ್. ಮಿಲಾನ್‌ನಿಂದ ವಾಪಸ್. ಐದು ದೇಶ. ಪ್ಯಾರಿಸ್ ಬಿಟ್ಟಿದ್ದಕ್ಕೆ ಎಲ್ಲರ ಮನೆಯಲ್ಲೂ ಆಶ್ಚರ್ಯಪಟ್ಟರು. ಯಾಕೆ ಬಿಟ್ಟೆವು ಅಂತ ಮುಂದೆ ಹೇಳುತ್ತೇನೆ.

ಪಾಸ್ ಅಂದರೆ ಏನು ಅಂತ ತುಮಕೂರಿನವರಿಗೆ ವಿವರಿಸುವುದು ಬಹಳ ಸುಲಭ. ನಮ್ಮಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುವವರ ಜೇಬಿನಲ್ಲಿ ತಿಂಗಳ ಪಾಸ್ ಇರುತ್ತದೆ ಅಲ್ವಾ, ಅದೇ ಥರ. ಟಿಕೆಟ್ ಕೌಂಟರ್ ಮುಂದೆ ನಿಲ್ಲಬೇಕಿಲ್ಲ, ಬಂದ ರೈಲು ಹತ್ತಬಹುದು. ಆದರೆ ಸೀಟು ನಿಮ್ಮದು ಅಂತ ಯಾರೂ ಬರೆದುಕೊಟ್ಟಿಲ್ಲ. ಸೂಪರ್‌ಫಾಸ್ಟ್ ಹತ್ತಿದರೆ ಮೇಲೆ ಕಟ್ಟಬೇಕು, ರಿಸರ್ವೇಷನ್ ಬೋಗಿಗೆ ಹೋಗುವ ಹಾಗಿಲ್ಲ. ಯೂರೇಲ್‌ನಲ್ಲೂ ಇದೇ ಕಥೆ. ಪಾಸ್ ನಿಮಗೆ ಪ್ರಯಾಣದ ಹಕ್ಕು ಕೊಡುತ್ತದೆ, ಸೀಟು ಕೊಡುವುದಿಲ್ಲ. ಇದೊಂದು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಈ ಪಾಸ್ ಹೊಸದೇನಲ್ಲ. 1959ರಲ್ಲೇ ಶುರುವಾಯಿತು. ಯೂರೋಪಿನ ಹೊರಗೆ ಇರುವವರಿಗೆ ಯೂರೇಲ್, ಅಲ್ಲೇ ವಾಸ ಮಾಡುವವರಿಗೆ 1972ರಲ್ಲಿ ಬಂದ ಇಂಟರ್‌ರೇಲ್. ಪೌರತ್ವ ಮುಖ್ಯವಲ್ಲ, ಎಲ್ಲಿ ವಾಸ ಅನ್ನುವುದು ಮುಖ್ಯ. ನಿಮ್ಮ ಜೊತೆ ಸೇರಿಕೊಳ್ಳುವ ಅಣ್ಣನೋ ಅಕ್ಕನೋ ಜರ್ಮನಿಯಲ್ಲಿ ಓದುತ್ತಿದ್ದರೆ ಅವರು ಇಂಟರ್‌ರೇಲ್ ತೆಗೆದುಕೊಳ್ಳಬೇಕು, ನೀವು ಯೂರೇಲ್. ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಬ್ರಿಟನ್, ಟರ್ಕಿ ಕೂಡ ಆ ಪಟ್ಟಿಯಲ್ಲಿವೆ. ಆದರೆ ನಿಮ್ಮ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಒಂದೇ ವೀಸಾ, ಅಲ್ಲಿ ನಡೆಯುವುದಿಲ್ಲ. ಪಾಸ್ ಇದೆ ಅಂತ ಲಂಡನ್ನಿಗೆ ಹೋಗುವ ಯೋಚನೆ ಮಾಡಿದರೆ ಬೇರೆ ವೀಸಾ, ಬೇರೆ ಖರ್ಚು.

ಪಾಸ್‌ನಲ್ಲಿ ಎರಡು ಬಗೆ. ಒಂದು, 15 ದಿನ, 22 ದಿನ, ಒಂದರಿಂದ ಮೂರು ತಿಂಗಳು ಅಂತ ಬಿಡದೆ ನಡೆಯುವುದು. ಇನ್ನೊಂದು, ಒಂದು ತಿಂಗಳ ಒಳಗೆ ನಿಮಗೆ ಬೇಕಾದ 4, 5 ಅಥವಾ 7 ದಿನ, ಇಲ್ಲವೇ ಎರಡು ತಿಂಗಳ ಒಳಗೆ 10 ಅಥವಾ 15 ದಿನ. ನಾವು ತೆಗೆದುಕೊಂಡದ್ದು ಒಂದು ತಿಂಗಳಲ್ಲಿ 7 ದಿನದ್ದು, ಸೆಕೆಂಡ್ ಕ್ಲಾಸ್. 27 ವರ್ಷದವರೆಗೆ ಯೂತ್ ರೇಟು, ದೊಡ್ಡವರಿಗಿಂತ ಸುಮಾರು ಕಾಲು ಭಾಗ ಕಡಿಮೆ. ತಲೆಗೆ ಮುನ್ನೂರು ಯೂರೋ ಒಳಗೇ ಆಯಿತು. ಅಂದರೆ ಒಂದು ಪ್ರಯಾಣದ ದಿನಕ್ಕೆ ನಲವತ್ತು ಯೂರೋ ಚಿಲ್ಲರೆ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ ನಾಲ್ಕು ಸಾವಿರ ರೂಪಾಯಿ. ಈ ನಲವತ್ತು ಅನ್ನುವ ಸಂಖ್ಯೆಯೇ ನಮ್ಮ ತಕ್ಕಡಿ. ಟಿಕೆಟ್ ಬೆಲೆ ಅದಕ್ಕಿಂತ ಕಡಿಮೆ ಇರುವ ದಿನ ಪಾಸ್ ಮುಟ್ಟಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ಎರಡು ಗಂಟೆ ಒಳಗಿನ ದಾರಿ. ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದೆ. ಆದರೂ ಜರ್ಮನಿಯ ಬವೇರಿಯಾ ರಾಜ್ಯದ ಬಯರ್ನ್ ಟಿಕೆಟ್ ಸಾಲ್ಜ್‌ಬರ್ಗ್ ಸ್ಟೇಷನ್ ತನಕ ನಡೆಯುತ್ತದೆ. ಒಂದೇ ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು. ಒಬ್ಬೊಬ್ಬರು ಹೆಚ್ಚಾದಂತೆ ಸ್ವಲ್ಪ ಸ್ವಲ್ಪ ಏರುತ್ತದೆ, ಅಷ್ಟೇ. ಪ್ಯಾಸೆಂಜರ್ ರೈಲುಗಳಿಗೆ ಮಾತ್ರ, ವಾರದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆ ಮೇಲೆ. ನಾಲ್ವರು ಹಂಚಿಕೊಂಡರೆ ಪಾಸ್‌ನ ಒಂದು ದಿನಕ್ಕಿಂತ ಬಹಳ ಅಗ್ಗ. ಹಾಗೆ ಒಂದು ದಿನ ಉಳಿಸಿಕೊಂಡೆವು. ಗುಂಪಾಗಿ ಹೋಗುವವರು ಇಂಥ ಟಿಕೆಟ್‌ಗಳನ್ನು ಹುಡುಕಲೇಬೇಕು. ಯಾಕೆಂದರೆ ಯೂರೇಲ್‌ನಲ್ಲಿ ಗುಂಪಿಗೆ ಅಂತ ರಿಯಾಯಿತಿ ಇಲ್ಲ. ಒಬ್ಬರಿಗೆ ಒಂದು ಪಾಸ್, ಅವರವರ ಪಾಸ್‌ಪೋರ್ಟ್ ಹೆಸರಿನಲ್ಲಿ.

ಈಗ ಪಾಸ್‌ನ ದೊಡ್ಡ ಕೊರತೆಗೆ ಬರುತ್ತೇನೆ. ರಿಸರ್ವೇಷನ್. ಫ್ರಾನ್ಸಿನ ವೇಗದ ರೈಲು ಟಿಜಿವಿ, ಸ್ಪೇನಿನ ವೇಗದ ರೈಲುಗಳು, ಯೂರೋಸ್ಟಾರ್, ಇಟಲಿಯ ವೇಗದ ರೈಲು ಫ್ರೆಚ್ಚಾರೊಸ್ಸಾ, ರಾತ್ರಿ ರೈಲುಗಳು, ಇವೆಲ್ಲಕ್ಕೂ ಪಾಸ್ ಇದ್ದರೂ ಸೀಟು ಬೇರೆ ಕಾದಿರಿಸಬೇಕು, ದುಡ್ಡು ಬೇರೆ ಕೊಡಬೇಕು. ಇಟಲಿಯಲ್ಲಿ ಹತ್ತು ಯೂರೋ ಮೇಲೆ. ಲಂಡನ್–ಪ್ಯಾರಿಸ್ ಯೂರೋಸ್ಟಾರ್ ಅಂದರೆ ಇನ್ನೂ ಜಾಸ್ತಿ, ಮೂವತ್ತರ ಸುತ್ತಮುತ್ತ. ದುಡ್ಡಿಗಿಂತ ತೊಂದರೆ ಏನು ಅಂದರೆ, ಕೆಲವು ರೈಲುಗಳಲ್ಲಿ ಪಾಸ್ ಇರುವವರಿಗೆ ಅಂತ ಇಷ್ಟೇ ಸೀಟು ಎಂದು ಮಿತಿ ಇದೆ. ಅದು ತುಂಬಿದರೆ ರೈಲಿನಲ್ಲಿ ಜಾಗ ಇದ್ದರೂ ನಿಮಗಿಲ್ಲ. ಬೇಸಿಗೆಯಲ್ಲಿ ನಾಲ್ಕು ಸೀಟು ಒಟ್ಟಿಗೆ ಬೇಕು ಅಂದರೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಮೊದಲೇ ಬುಕ್ ಮಾಡುವುದಾದರೆ ಪಾಸ್ ಯಾಕೆ ಬೇಕು? ಆಗ ಅಗ್ಗದ ಮುಂಗಡ ಟಿಕೆಟ್ಟೇ ವಾಸಿ.

ಪ್ಯಾರಿಸ್ ಬಿಟ್ಟದ್ದು ಇದಕ್ಕೇ. ನಾವು ನಾಲ್ವರೂ ಮೊದಲ ಸಲ ಆ ಕಡೆ ಹೋಗುವವರು. ಪ್ರತಿ ರೈಲಿಗೂ ಗಡಿಯಾರ ನೋಡಿಕೊಂಡು ಓಡುವುದು ಬೇಡ ಅನ್ನಿಸಿತು. ಜರ್ಮನಿ ಮತ್ತು ಆಸ್ಟ್ರಿಯಾ ಒಳಗಿನ ದೂರದ ರೈಲುಗಳಲ್ಲಿ ರಿಸರ್ವೇಷನ್ ಕಡ್ಡಾಯವಲ್ಲ. ಸ್ವಿಟ್ಜರ್ಲೆಂಡಿನ ಒಳಗೆ ಓಡಾಡಲು ಪ್ರವಾಸಿಗರ ವಿಶೇಷ ರೈಲು ಬಿಟ್ಟರೆ ಯಾವುದಕ್ಕೂ ಬೇಕಿಲ್ಲ. ಪಾಸ್ ಯಾವ ದೇಶಗಳಲ್ಲಿ ನಿಜವಾದ ಪಾಸ್ ಆಗಿರುತ್ತದೋ ಆ ದೇಶಗಳನ್ನೇ ಆರಿಸಿಕೊಂಡೆವು. ಇದೇ ನನ್ನ ಮುಖ್ಯ ಸಲಹೆ. ಮೊದಲು ಊರು ಆರಿಸಿ ಆಮೇಲೆ ಪಾಸ್ ಕೊಳ್ಳಬೇಡಿ. ಎರಡನ್ನೂ ಒಟ್ಟಿಗೆ ಯೋಚಿಸಿ.

ವೀಸಾ ವಿಚಾರವನ್ನು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಈಗ ಶೆಂಗೆನ್‌ನಲ್ಲಿ 29 ದೇಶ. ದೊಡ್ಡವರಿಗೆ ಫೀಸು 90 ಯೂರೋ, 2024ರ ಜೂನ್‌ನಿಂದ ಇದೇ ದರ. ಅರ್ಜಿ ತೆಗೆದುಕೊಳ್ಳುವ ಮಧ್ಯವರ್ತಿ ಕೇಂದ್ರದ ಸೇವಾ ಶುಲ್ಕ ಬೇರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಎರಡು ದೇಶದಲ್ಲಿ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಟ್ರಾವೆಲ್ ಇನ್ಷೂರೆನ್ಸ್ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಜನವರಿ ಫೆಬ್ರವರಿಯಲ್ಲೇ ಶುರು ಮಾಡಿ. ಆಗ ತಾನೇ ಓದು ಮುಗಿಸಿದವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅಪ್ಪ ಅಮ್ಮ ಖರ್ಚು ವಹಿಸುತ್ತಾರೆ ಅನ್ನುವ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ಕಂ ಟ್ಯಾಕ್ಸ್ ರಿಟರ್ನ್, ಕೆಲಸದ ಆಫರ್ ಲೆಟರ್ ಇದ್ದರೆ ಅದು. ವಾಪಸ್ ಬಂದೇ ಬರುತ್ತೀರಿ ಅನ್ನುವುದನ್ನು ಕಾಗದ ಹೇಳಬೇಕು. ಕೊಬ್ಬರಿ ಮಂಡಿಯವರ ಲೆಕ್ಕಪತ್ರ ನಮ್ಮೆಲ್ಲರ ಮನೆಯದ್ದಕ್ಕಿಂತ ಅಚ್ಚುಕಟ್ಟಾಗಿತ್ತು ಅಂತ ಹೇಳಲೇಬೇಕು. ಬೆಂಗಳೂರಿನ ಕೇಂದ್ರಕ್ಕೆ ಬೆಳಗಿನ ರೈಲಿನಲ್ಲಿ ಹೋಗಿ ಬೆರಳಚ್ಚು ಕೊಟ್ಟು ಬಂದೆವು.

ಇಲ್ಲೊಂದು ಮುಖ್ಯ ವಿಷಯ. ವೀಸಾ ಅರ್ಜಿಗೆ ದಿನವಾರು ಪ್ಲಾನ್ ಬೇಕು, ತಂಗುವ ಜಾಗದ ಬುಕಿಂಗ್ ಬೇಕು. ಪಾಸ್ ಬೇಕಿಲ್ಲ. ಹಾಗಾಗಿ ವೀಸಾ ಕೈಗೆ ಬರುವ ತನಕ ಪಾಸ್ ಕೊಳ್ಳಬೇಡಿ. ಕೊಂಡ ಮೇಲೆ ಅದನ್ನು ಶುರು ಮಾಡಲು 11 ತಿಂಗಳು ಸಮಯ ಇರುತ್ತದೆ, ಅವಸರ ಏನೂ ಇಲ್ಲ. ಆಗಾಗ ರಿಯಾಯಿತಿ ಮಾರಾಟ ಬರುತ್ತದೆ, ಆಸೆ ಹುಟ್ಟುತ್ತದೆ. ಆದರೆ ಅಂಥ ಪಾಸ್‌ಗಳಿಗೆ ವಾಪಸಾತಿ ಷರತ್ತು ಬಿಗಿ. ಷರತ್ತು ಓದಿಯೇ ದುಡ್ಡು ಕಟ್ಟಿ. ತಂಗುವ ಜಾಗಗಳನ್ನು ಮಾತ್ರ ಸುಮ್ನೆ ರದ್ದು ಮಾಡಬಹುದಾದಂಥವನ್ನೇ ಆರಿಸಿದೆವು. ಸಾಲ್ಜ್‌ಬರ್ಗ್‌ನಲ್ಲಿ ಅದು ಕಾಪಾಡಿತು.

ಪಾಸ್ ಈಗ ಕಾಗದದ್ದಲ್ಲ, ಫೋನಿನಲ್ಲಿ. ರೈಲ್ ಪ್ಲಾನರ್ ಅನ್ನುವ ಆ್ಯಪ್. ಪಾಸ್ ನಂಬರ್ ಹಾಕಿದರೆ ಬಂದು ಕೂರುತ್ತದೆ. ಹೊರಡುವ ಮೊದಲು ಪಾಸ್‌ಪೋರ್ಟ್ ವಿವರ ಕೊಟ್ಟು ಆ್ಯಕ್ಟಿವೇಟ್ ಮಾಡಬೇಕು. ಆಮೇಲೆ ಪ್ರತಿ ಪ್ರಯಾಣಕ್ಕೂ ರೈಲು ಹುಡುಕಿ, ಅದನ್ನು ನಿಮ್ಮ ಟ್ರಿಪ್‌ಗೆ ಸೇರಿಸಿ, ಗುಂಡಿ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಟಿಕೆಟ್ ನೋಡುವವರು ಅದನ್ನು ಸ್ಕ್ಯಾನ್ ಮಾಡುತ್ತಾರೆ, ಕೆಲವು ಸಲ ಪಾಸ್‌ಪೋರ್ಟ್ ಕೇಳುತ್ತಾರೆ. ಪ್ರಯಾಣದ ದಿನ ಅಂದರೆ ಮಧ್ಯರಾತ್ರಿ 12ರಿಂದ ಮಾರನೇ ಮಧ್ಯರಾತ್ರಿ ತನಕ. ಅಷ್ಟರಲ್ಲಿ ಎಷ್ಟು ರೈಲು ಬೇಕಾದರೂ ಹತ್ತಬಹುದು, ಇಳಿಯಬಹುದು. ರಾತ್ರಿ ರೈಲಿನಲ್ಲಿ ಹತ್ತಿದ ದಿನವೊಂದೇ ಲೆಕ್ಕಕ್ಕೆ, ಮಧ್ಯರಾತ್ರಿ ಆದ ಮೇಲೆ ಬೇರೆ ರೈಲಿಗೆ ಬದಲಾಯಿಸದಿದ್ದರೆ.

ಆ್ಯಪ್ ಬಗ್ಗೆ ನನಗೆ ಮೆಚ್ಚುಗೆ ಇದೆ. ವೇಳಾಪಟ್ಟಿ ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ರಿಸರ್ವೇಷನ್ ಬೇಡದ ರೈಲುಗಳನ್ನು ಮಾತ್ರ ತೋರಿಸು ಅಂತ ಆರಿಸಬಹುದು. ಈ ಒಂದು ಸೌಲಭ್ಯವೇ ನಮ್ಮ ಅರ್ಧ ಪ್ಲಾನ್ ಮಾಡಿಕೊಟ್ಟಿತು. ಮೂರು ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ತಗುಲಿಸಬೇಕು, ಇಲ್ಲದಿದ್ದರೆ ಪಾಸ್ ತೋರಿಸುವುದಿಲ್ಲ. ಒಂದೇ ಫೋನಿನಲ್ಲಿ ನಾಲ್ವರ ಪಾಸ್ ಇಟ್ಟುಕೊಳ್ಳಬಹುದು. ನಾವು ಹಾಗೆ ಮಾಡಲಿಲ್ಲ. ಒಬ್ಬಳು ಶೌಚಾಲಯಕ್ಕೆ ಹೋದರೂ ಇನ್ನೊಬ್ಬಳ ಫೋನನ್ನೇ ಕಾಯುವಂತಾಗಬಾರದು. ಅವರವರ ಫೋನಿನಲ್ಲಿ ಅವರವರದ್ದು, ಜೊತೆಗೆ ಪವರ್ ಬ್ಯಾಂಕ್.

ಪ್ರಯಾಣದ ದಿನವನ್ನು ಆ್ಯಪ್‌ನಲ್ಲಿ ಹಿಂದಿನ ರಾತ್ರಿಯೇ ಒತ್ತಿ ಮಲಗಬೇಡಿ. ಒತ್ತಿದ ದಿನವನ್ನು ರದ್ದು ಮಾಡಲು ಹಿಂದಿನ ದಿನದ ಮಧ್ಯರಾತ್ರಿ ತನಕ ಮಾತ್ರ ಅವಕಾಶ. ಆ ದಿನ ಬೆಳಗಾದರೆ ಹೋಯಿತು, ನೀವು ಹೊರಟರೂ ಹೊರಡದಿದ್ದರೂ. ಸ್ಟೇಷನ್ ತಲುಪಿ, ರೈಲಿನ ಬೋರ್ಡು ನೋಡಿ, ಹತ್ತುವ ಮೊದಲು ಒತ್ತಿ. ನಾವು ಮೊದಲಿನಿಂದ ಇದನ್ನೇ ಪಾಲಿಸಿದೆವು. ಸಾಲ್ಜ್‌ಬರ್ಗ್‌ನಲ್ಲಿ ವಿಯೆನ್ನಾಗೆ ಹೊರಡಬೇಕಾದ ಬೆಳಿಗ್ಗೆ ತಿಪಟೂರಿನವಳಿಗೆ ಜ್ವರ. ಎದ್ದು ಕೂರಲೂ ಆಗದಷ್ಟು. ವಿಯೆನ್ನಾ ಅಂತ ಅಷ್ಟು ದಿನ ಕಾದಿದ್ದವಳು ಅವಳೇ. ಮೂವರೇ ಹೋಗಿ ಅಂದಳು. ಯಾರೂ ಹೋಗಲಿಲ್ಲ. ಮುಂಗಡ ಅಗ್ಗದ ಟಿಕೆಟ್ ಆಗಿದ್ದರೆ ಅದು ಆ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತಿತ್ತು, ನಾಲ್ಕೂ ಟಿಕೆಟ್ ನೀರಿನಲ್ಲಿ ಹೋಮ. ಪಾಸ್‌ನಲ್ಲಿ ಆ ದಿನವನ್ನು ಇನ್ನೂ ಒತ್ತಿರಲಿಲ್ಲ, ಹಾಗಾಗಿ ಏನೂ ಕಳೆಯಲಿಲ್ಲ. ಗಂಜಿ ಕಾಯಿಸಿದೆವು, ಔಷಧಿ ಅಂಗಡಿಗೆ ಹೋಗಿಬಂದೆವು. ಅವಳು ಸುಧಾರಿಸಿದ ಮೇಲೆ ಹೊರಟೆವು. ಪಾಸ್‌ಗೆ ನಾನು ಇಷ್ಟು ಒಳ್ಳೆಯ ಮಾತು ಹೇಳುತ್ತಿರುವುದು ಆ ಬೆಳಿಗ್ಗೆಯ ಕಾರಣಕ್ಕೆ. ನಾಲ್ಕು ಜನ ಒಟ್ಟಿಗೆ ಹೋದಾಗ ಯಾರಿಗಾದರೂ ಏನಾದರೂ ಆಗಿಯೇ ಆಗುತ್ತದೆ. ಆಗ ದುಡ್ಡು ಹೋಯಿತಲ್ಲ ಅನ್ನುವ ಮಾತು ಗೆಳತಿಯರ ನಡುವೆ ಬರಬಾರದು. ಪಾಸ್ ಆ ಮಾತಿಗೆ ಜಾಗವೇ ಕೊಡಲಿಲ್ಲ.

ದಾರಿಯ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಕಲೋನ್ ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಥೆಡ್ರಲ್. 1248ರಲ್ಲಿ ಕಟ್ಟಲು ಶುರು ಮಾಡಿ 1880ರಲ್ಲಿ ಮುಗಿಸಿದರಂತೆ. 157 ಮೀಟರ್ ಎತ್ತರ. ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು. ಮಧುಗಿರಿಯವಳು ಎಲ್ಲೂ ಕೂರದೆ ಹತ್ತಿದಳು, ನಾವು ಹಿಂದೆ ಏದುಸಿರು ಬಿಡುತ್ತಾ ಹೋದೆವು.

ಅಲ್ಲಿಂದ ಮ್ಯೂನಿಕ್‌ಗೆ ವೇಗದ ದಾರಿ ಇದೆ. ನಾವು ಬೇಕಂತಲೇ ಪ್ಯಾಸೆಂಜರ್ ರೈಲು ಹಿಡಿದು ರೈನ್ ನದಿಯ ಎಡದಂಡೆಯಲ್ಲಿ ಕೋಬ್ಲೆನ್ಜ್ ಕಡೆಯಿಂದ ಹೋದೆವು. ಕೋಬ್ಲೆನ್ಜ್‌ನಿಂದ ಬಿಂಗೆನ್ ತನಕ ನದಿ ಕಿಟಕಿಗೆ ಅಂಟಿಕೊಂಡೇ ಬರುತ್ತದೆ. ರೈಲು ಹತ್ತಿದ ಮೇಲೆ ಎಡಗಡೆ ಕೂರಿ. ಗುಡ್ಡದ ಮೇಲೆ ಕೋಟೆಯ ಮೇಲೆ ಕೋಟೆ, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಸಾಂಕ್ಟ್ ಗೋಆರ್ ಅನ್ನುವ ಪುಟ್ಟ ಊರಿನಲ್ಲಿ ಇಳಿದು, ನದಿಯ ಆಚೆ ದಂಡೆಯ ಲೋರೆಲೈ ಬಂಡೆ ನೋಡಿ, ಚಕ್ಕುಲಿ ತಿಂದು, ಮುಂದಿನ ರೈಲು ಹತ್ತಿದೆವು. ಟಿಕೆಟ್ ಲೆಕ್ಕ ಇಲ್ಲದೆ ಇಳಿದು ಹತ್ತುವ ಈ ಸುಖ ಇದೆಯಲ್ಲ, ಇದಕ್ಕೆ ಪಾಸ್ ಬೇಕು. ತಿಂಡಿಯ ಮಾತು ಬಂತು ಅಂತ ಹೇಳುತ್ತೇನೆ, ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನಿಂದ ಯೂರೋಪಿಯನ್ ಒಕ್ಕೂಟಕ್ಕೆ ಒಯ್ಯುವ ಹಾಗಿಲ್ಲ. ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಬಿಡಿ. ಚಟ್ನಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಹುರಿಗಡಲೆ ನಮ್ಮನ್ನು ಸಾಕಿದವು.

ಜರ್ಮನಿಯ ದೂರದ ರೈಲುಗಳ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿನ ರೈಲು ಗಡಿಯಾರದ ಹಾಗೆ ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. 2024ರಲ್ಲಿ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಸುಮಾರು ಶೇ. 62 ಮಾತ್ರ. ಹಳಿ ಹಳೆಯದಾಗಿದೆ, ಎಲ್ಲ ಕಡೆ ದುರಸ್ತಿ ನಡೆಯುತ್ತಿದೆ. ಒಂದು ರೈಲಿನಿಂದ ಇಳಿದು ಇನ್ನೊಂದು ಹಿಡಿಯಬೇಕಾದಲ್ಲಿ ಐದು ಹತ್ತು ನಿಮಿಷದ ಅಂತರ ನಂಬಬೇಡಿ, ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ಪಾಸ್ ಇದ್ದರೆ ತಪ್ಪಿದ ರೈಲಿನ ಮುಂದಿನದ್ದು ಹತ್ತಬಹುದು, ಆ ಧೈರ್ಯ ಇರುತ್ತದೆ. ಸೀಟಿನ ಮೇಲೆ ಪುಟ್ಟ ಬೋರ್ಡಿನಲ್ಲಿ ಎಲ್ಲಿಂದ ಎಲ್ಲಿಗೆ ಕಾದಿರಿಸಿದ್ದಾರೆ ಅಂತ ಬರುತ್ತದೆ. ಏನೂ ಬರೆದಿಲ್ಲದ ಸೀಟಿನಲ್ಲಿ ಕೂರಬಹುದು. ಶುಕ್ರವಾರ, ಭಾನುವಾರದ ಸಂಜೆ ಮಾತ್ರ ನಾಲ್ಕು ಸೀಟು ಒಟ್ಟಿಗೆ ಸಿಗುವುದು ಕಷ್ಟ. ಅಂಥ ದಿನ ದುಡ್ಡು ಕೊಟ್ಟು ಕಾದಿರಿಸುವುದೇ ಒಳ್ಳೆಯದು. ಆಸ್ಟ್ರಿಯಾದಲ್ಲಿ ಇದು ಕೆಲವೇ ಯೂರೋಗೆ ಆಗುತ್ತದೆ. ಯೂರೇಲ್ ಮೂಲಕ ಮಾಡಿದರೆ ತಲೆಗೆ ಎರಡು ಯೂರೋ ಸೇವಾ ಶುಲ್ಕ ಸೇರುತ್ತದೆ. ಆಯಾ ದೇಶದ ರೈಲ್ವೆಯವರಲ್ಲೇ ನೇರವಾಗಿ ಮಾಡಿದರೆ ಅದು ಉಳಿಯುತ್ತದೆ.

ವಿಯೆನ್ನಾದಿಂದ ಇನ್ಸ್‌ಬ್ರುಕ್‌ಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಆಸ್ಟ್ರಿಯಾದ ವೇಗದ ರೈಲು ರೇಲ್‌ಜೆಟ್. ಆರ್ಲ್‌ಬರ್ಗ್ ಸುರಂಗ 1884ರದ್ದು, ಹತ್ತು ಕಿಲೋಮೀಟರ್‌ಗೂ ಉದ್ದ. ರಾತ್ರಿ ರೈಲು ಹಿಡಿದಿದ್ದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತಿತ್ತು, ನಿಜ. ಆಸ್ಟ್ರಿಯಾದ ನೈಟ್‌ಜೆಟ್‌ನಲ್ಲಿ ಹೆಂಗಸರಿಗೆ ಪ್ರತ್ಯೇಕ ಕೋಣೆಯೂ ಇದೆ, ಅಮ್ಮಂದಿರಿಗೆ ಈ ಮಾತು ಹೇಳಿ ಒಪ್ಪಿಸಬಹುದು. ಆದರೆ ಆಲ್ಪ್ಸ್ ಅನ್ನು ಕತ್ತಲಲ್ಲಿ ದಾಟಲು ನನಗೆ ಮನಸ್ಸಾಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ತಂಗುವುದು ದುಬಾರಿ, ಅಲ್ಲಿ ಕಡಿಮೆ ರಾತ್ರಿ ಇಟ್ಟುಕೊಂಡು ಇನ್ಸ್‌ಬ್ರುಕ್‌ನಲ್ಲಿ ಜಾಸ್ತಿ ಉಳಿದೆವು. ಯುಂಗ್‌ಫ್ರಾಯೊಕ್, ಅಂದರೆ 3454 ಮೀಟರ್ ಎತ್ತರದ ಆ ಪ್ರಸಿದ್ಧ ಸ್ಟೇಷನ್, ಪಾಸ್‌ನಲ್ಲಿ ಬರುವುದಿಲ್ಲ. 25% ರಿಯಾಯಿತಿ ಅಷ್ಟೇ, ಅದು ಕಳೆದರೂ ನಮ್ಮ ಕೈಗೆ ಮೀರಿದ್ದು. ಪಾವಗಡದವಳ ಮುಖ ಸಣ್ಣದಾಯಿತು.

ಅವಳಿಗೆ ಹಿಮ ಸಿಕ್ಕಿದ್ದು ಬರ್ನಿನಾ ದಾರಿಯಲ್ಲಿ. ಈ ಪಾಸ್‌ನಲ್ಲಿ ಅತಿ ಬೆಲೆಬಾಳುವ ದಿನ ಯಾವುದು ಅಂತ ಕೇಳಿದರೆ ಇದೇ. ಕೂರ್‌ನಿಂದ ಸೇಂಟ್ ಮೊರಿಟ್ಜ್, ಅಲ್ಲಿಂದ ಇಟಲಿಯ ತಿರಾನೋ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯ ಮೀಟರ್ ಗೇಜ್ ಹಳಿ, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇದರಲ್ಲಿ ಬರ್ನಿನಾ ಎಕ್ಸ್‌ಪ್ರೆಸ್ ಅಂತ ದೊಡ್ಡ ಗಾಜಿನ ಬೋಗಿಗಳ ಪ್ರವಾಸಿ ರೈಲಿದೆ, ಪಾಸ್ ಇದ್ದರೂ ರಿಸರ್ವೇಷನ್‌ಗೆ ದುಡ್ಡು ಕೊಡಬೇಕು. ಅದೇ ಹಳಿಯ ಮೇಲೆ, ಅದೇ ಸೇತುವೆ ಅದೇ ಸುರಂಗದಲ್ಲಿ, ಸುಮಾರು ಗಂಟೆಗೊಂದು ಸಾಮಾನ್ಯ ರೈಲು ಓಡುತ್ತದೆ. ಅದಕ್ಕೆ ರಿಸರ್ವೇಷನ್ ಬೇಡ, ಮೇಲೆ ಒಂದು ಪೈಸೆ ಕೊಡುವುದು ಬೇಡ. ಪ್ರವಾಸಿ ರೈಲಿನ ಗಾಜು ತೆರೆಯುವುದಿಲ್ಲ. ನಮ್ಮ ಬೋಗಿಯ ಕಿಟಕಿ ಇಳಿಸಬಹುದಿತ್ತು. ತಲೆ ಹೊರಗೆ ಹಾಕಬಾರದು, ಆದರೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

ಲಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರ, ಬಾಗಿಕೊಂಡು ಹೋಗಿ ಸೀದಾ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಬರ್ನಿನಾ ಹಳಿ 1910ರಲ್ಲಿ ಪೂರ್ತಿಯಾದದ್ದು. ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಏರುವಷ್ಟು ಕಡಿದಾದ ಜಾಗಗಳಿವೆ. ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಲ್ಲಿನ ಹಳಿ ಇಲ್ಲ, ಬರೀ ಗಾಲಿಯ ಹಿಡಿತದಲ್ಲೇ ಏರುತ್ತದೆ. ಒಸ್ಪಿಜಿಯೋ ಬರ್ನಿನಾ ಸ್ಟೇಷನ್ 2253 ಮೀಟರ್. ಅದಾದ ಮೇಲೆ ಆಲ್ಪ್ ಗ್ರ್ಯೂಮ್, ಅಲ್ಲಿಗೆ ಕಾರಿನ ರಸ್ತೆಯೇ ಇಲ್ಲ, ರೈಲಿನಲ್ಲಿ ಅಥವಾ ನಡೆದು ಬರಬೇಕು. ಎದುರಿಗೆ ಪಾಲ್ಯೂ ಹಿಮನದಿ. ಜೂನ್ ತಿಂಗಳಾದರೂ ಸ್ಟೇಷನ್ ಪಕ್ಕದ ನೆರಳಿನಲ್ಲಿ ಒಂದಿಷ್ಟು ಹಿಮ ಕರಗದೆ ಉಳಿದಿತ್ತು. ಪಾವಗಡದವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ನಾವು ಇಳಿದ ರೈಲು ಹೋಯಿತು, ಮುಂದಿನದ್ದಕ್ಕೆ ಕಾದೆವು. ಪಾಸ್ ಇದ್ದರಿಂದ ಯಾರೂ ಅವಳನ್ನು ಅವಸರ ಮಾಡಲಿಲ್ಲ. ಆಮೇಲೆ ಇಳಿಜಾರು. ಬ್ರೂಸಿಯೋ ಊರಿನಲ್ಲಿ ರೈಲು ಕಲ್ಲಿನ ಕಮಾನು ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಹೊಡೆದು ತನ್ನ ಸೇತುವೆಯ ಕೆಳಗೇ ನುಸುಳುತ್ತದೆ. ತಿರಾನೋ ತಲುಪುವಾಗ 429 ಮೀಟರ್‌ಗೆ ಇಳಿದಿರುತ್ತೀರಿ, ಸ್ವೆಟರ್ ಬಿಚ್ಚಬೇಕು. ಅಲ್ಲಿಂದ ಮಿಲಾನ್‌ಗೆ ಎರಡೂವರೆ ಗಂಟೆ, ಕೋಮೋ ಸರೋವರದ ದಂಡೆಯಲ್ಲೇ. ಅದೂ ಪಾಸ್‌ನಲ್ಲೇ, ಅದಕ್ಕೂ ರಿಸರ್ವೇಷನ್ ಬೇಡ. ಇಡೀ ದಿನದ ಈ ದಾರಿಯ ಟಿಕೆಟ್ ಬಿಡಿಬಿಡಿಯಾಗಿ ಕೊಂಡರೆ ನಮ್ಮ ನಲವತ್ತು ಯೂರೋ ತಕ್ಕಡಿ ಮುರಿದು ಬೀಳುತ್ತದೆ.

ದುಡ್ಡಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳಬೇಕು. ಇದೇ ದಾರಿಯನ್ನು ತಿಂಗಳುಗಳ ಮೊದಲೇ ಒಂದೊಂದು ರೈಲು ಆರಿಸಿ, ಅಗ್ಗದ ಮುಂಗಡ ಟಿಕೆಟ್ ಹಿಡಿದಿದ್ದರೆ ಬಹುಶಃ ಪಾಸ್‌ಗಿಂತ ಕಡಿಮೆಗೇ ಮುಗಿಯುತ್ತಿತ್ತು. ಜರ್ಮನಿ, ಆಸ್ಟ್ರಿಯಾದ ರೈಲ್ವೆಗಳು ಅಂಥ ಟಿಕೆಟ್ ಬಹಳ ಅಗ್ಗಕ್ಕೆ ಬಿಡುತ್ತವೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ದಿನ, ಹೊತ್ತು ಎಲ್ಲ ಗೊತ್ತಿರುವವರು ಹಾಗೇ ಮಾಡಲಿ. 60 ದಾಟಿದವರಿಗೆ ಪಾಸ್‌ನಲ್ಲಿ ಹತ್ತು ಪರ್ಸೆಂಟ್ ರಿಯಾಯಿತಿ ಇದ್ದರೂ ಅವರಿಗೆ ಸೀಟು ಗಟ್ಟಿ ಇರುವುದೇ ಮುಖ್ಯ. ಫಸ್ಟ್ ಕ್ಲಾಸ್ ಪಾಸ್ ನಮ್ಮ ವಯಸ್ಸಿನವರಿಗೆ ಬೇಡವೇ ಬೇಡ. ಸೆಕೆಂಡ್ ಕ್ಲಾಸ್ ಸೀಟು ಆರಾಮಾಗಿದೆ, ಮೇಲಾಗಿ ಮಾತಾಡುವ ಜನ ಸಿಗುವುದು ಅಲ್ಲೇ.

ಪಾಸ್ ಮಾರುವವರು ಸುಧಾರಿಸಬೇಕಾದದ್ದು ಒಂದಿದೆ. ನಕ್ಷೆಯಲ್ಲಿ 33 ದೇಶಕ್ಕೂ ಒಂದೇ ಬಣ್ಣ ಬಳಿದು ತೋರಿಸಿದರೆ ಮೊದಲ ಸಲ ಕೊಳ್ಳುವವರಿಗೆ ತಿಳಿಯುವುದಿಲ್ಲ. ಯಾವ ದೇಶದಲ್ಲಿ ಸುಮ್ನೆ ಹತ್ತಬಹುದು, ಎಲ್ಲಿ ಪ್ರತಿ ರೈಲಿಗೂ ಮೇಲೆ ಕೊಡಬೇಕು ಅಂತ ದುಡ್ಡು ಕಟ್ಟುವ ಪುಟದಲ್ಲೇ ದೊಡ್ಡದಾಗಿ ಇರಬೇಕು. ವಿವರ ಅವರಲ್ಲಿ ಇದೆ, ಹುಡುಕಿಕೊಂಡು ಹೋಗಬೇಕು. ತುಮಕೂರಿನಲ್ಲಿ ಕೂತು ಮುನ್ನೂರು ಯೂರೋ ಕಟ್ಟುವ ಹುಡುಗಿಗೆ ಅದು ಸಣ್ಣ ಮೊತ್ತವಲ್ಲ. ಇಟಾಲೋ ಅನ್ನುವ ಇಟಲಿಯ ಖಾಸಗಿ ವೇಗದ ರೈಲಿನಲ್ಲಿ ಈ ಪಾಸ್ ನಡೆಯುವುದೇ ಇಲ್ಲ, ಅದನ್ನೂ ನೆನಪಿಟ್ಟುಕೊಳ್ಳಿ. ಅದೇ ಸ್ಟೇಷನ್, ಅಕ್ಕಪಕ್ಕದ ಪ್ಲಾಟ್‌ಫಾರ್ಮ್, ನೋಡಲು ಅಷ್ಟೇ ಚೆಂದದ ಕೆಂಪು ರೈಲು.

ಮಿಲಾನ್ ತಲುಪಿದಾಗ ಪಾಸ್‌ನಲ್ಲಿ ಬಯರ್ನ್ ಟಿಕೆಟ್‌ನಿಂದ ಉಳಿಸಿದ ದಿನ ಹಾಗೇ ಇತ್ತು. ಎಲ್ಲಿಗೆ ಅಂತ ಮೊದಲೇ ಯಾರೂ ಯೋಚಿಸಿರಲಿಲ್ಲ. ವೆನಿಸ್ ಅಂತ ಇಬ್ಬರು, ವೆರೋನಾ ಅಂತ ಇಬ್ಬರು. ವೆನಿಸ್‌ಗೆ ವೇಗದ ರೈಲು ಹಿಡಿದರೆ ನಾಲ್ವರಿಗೂ ರಿಸರ್ವೇಷನ್ ಕೊಡಬೇಕು. ವೆರೋನಾಗೆ ಪ್ಯಾಸೆಂಜರ್ ರೈಲು ಎರಡು ಗಂಟೆ, ಏನೂ ಕೊಡಬೇಕಿಲ್ಲ. ಮಿಲಾನ್ ಸೆಂಟ್ರಲ್‌ನ ಬೋರ್ಡಿನ ಕೆಳಗೆ ನಿಂತೇ ತೀರ್ಮಾನವಾಯಿತು. ವೆರೋನಾದಲ್ಲಿ ಒಂದನೇ ಶತಮಾನದ ರೋಮನ್ ಅರೀನಾ ಇದೆ, ದೊಡ್ಡ ದೊಡ್ಡ ಕಲ್ಲಿನ ಮೆಟ್ಟಿಲುಗಳು. ಮಧುಗಿರಿಯವಳು ಮತ್ತೆ ಮುಂದೆ, ನಾವು ಹಿಂದೆ. ಸಂಜೆಯ ಪ್ಯಾಸೆಂಜರ್ ರೈಲಿನಲ್ಲೇ ವಾಪಸ್ ಬಂದೆವು. ಆ ದಿನ ಊಟಕ್ಕೆ, ಅರೀನಾ ಒಳಗೆ ಹೋಗಲಿಕ್ಕೆ ಬಿಟ್ಟರೆ ಬೇರೆ ಖರ್ಚೇ ಆಗಲಿಲ್ಲ.